ಒತ್ತಡದ ಎರಡು ಅಂಕಿಗಳು

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೂ ರಕ್ತದ ಒತ್ತಡದ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಅಂಕಿಗಳನ್ನೇ ನಂಬಿ ಬದುಕುವ ನಾನು, ನನ್ನ ತಂದೆಯವರ ವಿಷಯದಲ್ಲಿ ಅಂಕಿಯನ್ನೇ ತಪ್ಪಾಗಿ ಓದಿದೆ.

ತಂದೆಯವರು ಧಾರವಾಡದಿಂದ ಮುಂಬಯಿಗೆ ನಮ್ಮಲ್ಲಿಗೆ ಬಂದಿದ್ದರು. ಊರಿನಲ್ಲಿ ಬಹುಕಾಲ ಅವರ ಒತ್ತಡ 160ರ ಆಸುಪಾಸು ಇತ್ತು. ಇಲ್ಲಿ ಅಳೆದಾಗ 110. "ಮುಂಬಯಿ ನೀರು ನಿಮಗ ಛಲೋ ಒಗ್ಗೇತಿ ನೋಡ್ರಿ, ಅಪ್ಪಾ" ಎಂದು ಹಿಗ್ಗಿದೆ. ಎರಡು ಮಹಡಿ ಹತ್ತುವುದರೊಳಗೆ ಅವರಿಗೆ ಏದುಸಿರು. ರಾತ್ರಿ ಮೂರು ದಿಂಬಿಗೆ ಒರಗಿದರೇ ನಿದ್ದೆ. ವಯಸ್ಸಾಯಿತಲ್ಲ ಎಂದುಕೊಂಡೆ. ಮೂರು ವಾರ ಹೀಗೇ ಕಳೆದವು. ಕೊನೆಗೆ ಹೃದಯತಜ್ಞರು ಪರೀಕ್ಷಿಸಿ ಹೇಳಿದರು: "ಒತ್ತಡ ಇಳಿದದ್ದು ಗುಣವಾಗಿ ಅಲ್ಲ, ಹೃದಯ ಸೋತು. ಪಂಪೇ ಬಲಗುಂದಿದ ಮೇಲೆ ನೀರು ಎಷ್ಟು ಮೇಲೇರೀತು?"

ಆ ಮಾತು ನನ್ನನ್ನು ಚುಚ್ಚಿತು. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

1896ರಲ್ಲಿ ಇಟಲಿಯ ರೀವಾ-ರೊಚ್ಚಿ ಎಂಬ ವೈದ್ಯರು ತೋಳಿಗೆ ಗಾಳಿಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು ರೂಪಿಸಿದರು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆಥಾಸ್ಕೋಪಿಟ್ಟು ಆಲಿಸಿ, ಎರಡು ಅಂಕಿಗಳನ್ನು ಗುರುತಿಸುವ ಬಗೆಯನ್ನು ತೋರಿಸಿದರು. ಹೃದಯವು ಕುಗ್ಗಿ ರಕ್ತವನ್ನು ನೂಕಿದಾಗಿನದು ಮೇಲಿನ ಅಂಕಿ, ಸಡಿಲಗೊಂಡಾಗಿನದು ಕೆಳಗಿನದು. 120/80 ನಾವೆಲ್ಲ ಬಲ್ಲ ಮಾದರಿ.

ಆದರೆ ಹೃದ್ರೋಗ ಒಂದೇ ಬಗೆಯದಲ್ಲ, ಅಂಕಿಗಳೂ ಹಾಗೆಯೇ. ಮಹಾಧಮನಿಯ ಬಾಯಲ್ಲಿ ಒಂದು ಕವಾಟವಿದೆ. ಅದು ಬಹುಕಾಲದಿಂದ ಹೆಚ್ಚಾಗಿ ಸೋರುತ್ತಿದ್ದರೆ ಮೇಲಿನ ಅಂಕಿ ಏರಿ, ಕೆಳಗಿನದು ಕುಸಿದು, 160/50 ಎಂಬಂತೆ ಅಂತರ ಅಗಲವಾಗುತ್ತದೆ. ಅದೇ ಕವಾಟ ತೀರ ಕಿರಿದಾದರೆ, ಅನೇಕರಲ್ಲಿ 100/80 ಎಂಬಂತೆ ಅಂತರ ಕಿರಿದಾಗುತ್ತದೆ; ಧಮನಿಗಳು ಗಡುಸಾದ ವೃದ್ಧರಲ್ಲಿ ಮಾತ್ರ ಈ ಗುರುತು ಮರೆಯಾಗಿರಲೂಬಹುದು. ಹುಟ್ಟಿನಿಂದಲೇ ಮಹಾಧಮನಿ ಒಂದೆಡೆ ಇರುಕಾಗಿದ್ದರೆ ತೋಳಿನಲ್ಲಿ ಒತ್ತಡ ಹೆಚ್ಚು, ಕಾಲಿನಲ್ಲಿ ಕಡಿಮೆ. ಹೃದಯಾಘಾತದಲ್ಲಂತೂ ಒತ್ತಡ ಏರಿರಬಹುದು, ಸಹಜವಾಗಿರಬಹುದು, ಕುಸಿದಿರಬಹುದು. ಎದೆ ನೋಯುತ್ತಿರುವಾಗ ಅಂಕಿ ನೋಡಿ ಸಮಾಧಾನಪಡದೆ ಕೂಡಲೆ ಆಸ್ಪತ್ರೆಗೆ ಹೊರಡಬೇಕು.

ಮತ್ತೊಂದು ಬೆರಗು: ತಂದೆಯವರ ಒತ್ತಡ 110 ಇದ್ದರೂ, ವೈದ್ಯರು ಒತ್ತಡ ಇಳಿಸುವ ಗುಣವುಳ್ಳ ಮಾತ್ರೆಯನ್ನೇ ಅಳತೆಯಿಂದ ಕೊಟ್ಟರು. ಸೋತ ಹೃದಯದ ಹೊರೆಯನ್ನು ಇಳಿಸುವುದಕ್ಕಾಗಿ ಅದು. ಆದುದರಿಂದ ನೆರೆಮನೆಯವರ ಮಾತು ಕೇಳಿ ಮಾತ್ರೆ ಬಿಡುವುದೂ ಸಲ್ಲದು, ಹಿಡಿಯುವುದೂ ಸಲ್ಲದು.

ಒಂದು ದಿನದ ಶಿಲ್ಕು ನೋಡಿ ಬ್ಯಾಂಕಿನಲ್ಲಿ ಯಾರೂ ಗಿರಾಕಿಯ ಸ್ಥಿತಿಯನ್ನು ನಿರ್ಣಯಿಸುವುದಿಲ್ಲ. ಹಿಂದಿನ ಪುಟ ತಿರುವುತ್ತೇವೆ. ಪರಸ್ಥಳದಲ್ಲಿರುವ ನಮ್ಮ ಹಿರಿಯರು ನಾಲ್ಕು ತಿಂಗಳು ಮಗನಲ್ಲಿ, ನಾಲ್ಕು ತಿಂಗಳು ಮಗಳಲ್ಲಿ, ಉಳಿದಂತೆ ಊರಿನಲ್ಲಿ. ಉಪ್ಪಿನಕಾಯಿಯ ಭರಣಿ ತಪ್ಪದೆ ಜೊತೆಗೆ ಬರುತ್ತದೆ. ವೈದ್ಯರ ಚೀಟಿ ಮಾತ್ರ ಊರಿನ ಕಪಾಟಿನಲ್ಲೇ ಉಳಿಯುತ್ತದೆ. ಅವರಿಗೊಂದು ವಹಿ ಮಾಡಿಕೊಡಿ. ದಿನಾಂಕ, ಎರಡೂ ಅಂಕಿ, ಮಾತ್ರೆಯ ಹೆಸರು, ಏದುಸಿರು, ಕಾಲಿನ ಬಾವು ಎಲ್ಲವೂ ಅದರಲ್ಲಿರಲಿ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂಡಲಿ. ತೋಳು ಎದೆಯ ಮಟ್ಟಕ್ಕಿರಲಿ. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿಸಿ.

ತಂದೆಯವರು ಈಗ ಊರಿನಲ್ಲಿದ್ದಾರೆ. ಮೆಟ್ಟಿಲುಗಳನ್ನು ನಿಂತು ನಿಂತು ಹತ್ತುತ್ತಾರೆ. ಪ್ರತಿ ರವಿವಾರ ಫೋನಿನಲ್ಲಿ ವಹಿ ಓದಿ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಆದರೆ ಮೊದಲು ಕೇಳುವುದು ಅಂಕಿಯನ್ನಲ್ಲ: "ಅಪ್ಪಾ, ರಾತ್ರಿ ಎಷ್ಟು ದಿಂಬು?"