ಬಿದ್ದು ಬಿದ್ದು ಏರುವ ಬೆಟ್ಟ: ಒಂದು ಪಿಕ್ಸೆಲ್ ಆಟದ ಗುಣದೋಷ ವಿಚಾರ



ವೈದ್ಯನಾದವನನ್ನು ಉಪನ್ಯಾಸಕ್ಕೆ ಆಹ್ವಾನಿಸಿದರೆ ಆತನು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುವನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಇಂದು ನಾನು ಆಯ್ದುಕೊಂಡಿರುವ ವಿಷಯ ಒಂದು ವಿಡಿಯೊ ಗೇಮ್. ಮುಂದಿನ ಸಾಲಿನಲ್ಲಿರುವ ಹಿರಿಯರು ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ; ಹಿಂದಿನ ಸಾಲಿನಲ್ಲಿರುವ ಮಕ್ಕಳು ವಿಪರೀತವಾಗಿ ಹಿಗ್ಗಬೇಕಾಗಿಯೂ ಇಲ್ಲ. ಒಂದು ನಾಟಕವನ್ನೋ ಕಾದಂಬರಿಯನ್ನೋ ತೂಗಿ ನೋಡುವಂತೆ ಒಂದು ಆಟದ ಗುಣವನ್ನೂ ದೋಷವನ್ನೂ ತೂಗಿ ನೋಡುವುದಷ್ಟೇ ನನ್ನ ಉದ್ದೇಶ. ನಮ್ಮ ಮನೆಗಳಲ್ಲಿ ಈ ಆಟಗಳ ವಿಮರ್ಶೆಯೆಲ್ಲ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: “ಅದನ್ನು ಆರಿಸಿ ಓದಿಕೋ ಹೋಗು.” ಆ ವಾಕ್ಯದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅಷ್ಟೇ ಸಾಲದು.

ಆಟದ ಹೆಸರು ‘ಸೆಲೆಸ್ಟ್’. 2018ರ ಜನವರಿಯಲ್ಲಿ ಪ್ರಕಟವಾಯಿತು. ಇದರ ಮೂಲ ರೂಪವನ್ನು ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು ಕೇವಲ ನಾಲ್ಕು ದಿನಗಳಲ್ಲಿ ರಚಿಸಿದರು. ಅದಕ್ಕಾಗಿ ಅವರು ಬಳಸಿದ್ದು ‘ಪೀಕೊ-8’ ಎಂಬ ಸಾಧನ. ಅದರಲ್ಲಿ ಪರದೆಯ ಅಗಲ 128 ಚುಕ್ಕೆ, ಎತ್ತರ 128 ಚುಕ್ಕೆ, ಬಣ್ಣಗಳು ಹದಿನಾರೇ. ಅನಂತರ ಒಂದು ಸಣ್ಣ ತಂಡ ಕೂಡಿಕೊಂಡು ಅದನ್ನು ದೊಡ್ಡ ಕೃತಿಯಾಗಿ ಬೆಳೆಸಿತು. ಲೀನಾ ರೇನ್ ಸಂಗೀತ ಸಂಯೋಜಿಸಿದರು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ, ಅಪಾರ ಬಂಡವಾಳದ ‘ಗಾಡ್ ಆಫ್ ವಾರ್’, ‘ರೆಡ್ ಡೆಡ್ ರಿಡೆಂಪ್ಷನ್ 2’ ಮುಂತಾದವುಗಳ ಸಾಲಿನಲ್ಲಿ ಈ ಕಿರಿಯ ಆಟವೂ ವರ್ಷದ ಶ್ರೇಷ್ಠ ಆಟದ ಅಂತಿಮ ಪಟ್ಟಿಯಲ್ಲಿ ನಿಂತಿತು. ಶ್ರೇಷ್ಠ ಸ್ವತಂತ್ರ ಆಟವೆಂಬ ಪ್ರಶಸ್ತಿಯನ್ನೂ ಪಡೆಯಿತು.

ಕಥೆ ಸರಳವಾದುದು. ಮ್ಯಾಡಲಿನ್ ಎಂಬ ಯುವತಿಯೊಬ್ಬಳು ಸೆಲೆಸ್ಟ್ ಎಂಬ ಬೆಟ್ಟವನ್ನು ಏರಲು ಹೊರಡುತ್ತಾಳೆ. ಅವಳಿಗೆ ಮನೋವ್ಯಾಕುಲತೆಯ ಬಾಧೆಯಿದೆ. ಬೆಟ್ಟದ ಬುಡದಲ್ಲಿರುವ ಅಜ್ಜಿಯೊಬ್ಬಳು ಇದು ನಿನ್ನ ಕೈಲಾಗದೆಂಬಂತೆ ನಗುತ್ತಾಳೆ. ಕನ್ನಡಿಯೊಂದರಿಂದ ಅವಳದೇ ಪ್ರತಿಬಿಂಬ ಹೊರಬಂದು ಅವಳನ್ನು ಹಿಂದಕ್ಕೆ ಸೆಳೆಯುತ್ತದೆ. ಆಟಗಾರನ ವಶದಲ್ಲಿರುವುದು ಮೂರೇ ಕ್ರಿಯೆಗಳು: ನೆಗೆಯುವುದು, ಗೋಡೆಯನ್ನು ಹಿಡಿದು ಹತ್ತುವುದು, ಗಾಳಿಯಲ್ಲಿ ಎಂಟು ದಿಕ್ಕುಗಳಲ್ಲಿ ಯಾವುದಾದರೊಂದು ಕಡೆಗೆ ಒಮ್ಮೆ ಚಿಮ್ಮುವುದು. ನೆಲ ಮುಟ್ಟಿದೊಡನೆ ಚಿಮ್ಮುವ ಶಕ್ತಿ ಮರಳಿ ಬರುತ್ತದೆ. ಈ ಮೂರರಿಂದಲೇ ಇಡೀ ಬೆಟ್ಟ ನಿರ್ಮಿತವಾಗಿದೆ.

ಮೊದಲು ಗುಣಗಳನ್ನು ನೋಡೋಣ.

ಮೊದಲನೆಯದು ಮಿತವ್ಯಯದ ಸೊಬಗು. ಚೌಕ ಚುಕ್ಕೆಗಳ ಈ ಚಿತ್ರಶೈಲಿಯನ್ನು ಕಂಡು, ಹಣವಿಲ್ಲದೆ ಹೀಗೆ ಮಾಡಿದ್ದಾರೆಂದು ಕೆಲವರು ಹೇಳಬಹುದು. ಆದರೆ ಆ ಚುಕ್ಕೆಗಳು ಕೆಲಸ ಮಾಡುವ ಬಗೆಯನ್ನು ಗಮನಿಸಬೇಕು. ಮ್ಯಾಡಲಿನ್‌ಳ ಕೂದಲು ಕೆಂಪಾಗಿದ್ದರೆ ಚಿಮ್ಮುವ ಶಕ್ತಿ ಉಳಿದಿದೆಯೆಂದು ಅರ್ಥ, ನೀಲಿಯಾದರೆ ಮುಗಿದಿದೆ. ಪರದೆಯ ಮೂಲೆಯಲ್ಲಿ ಅಂಕಿಯಿಲ್ಲ, ಪಟ್ಟಿಯಿಲ್ಲ. ದೃಷ್ಟಿ ಎಲ್ಲಿ ನೆಟ್ಟಿದೆಯೋ ಅಲ್ಲಿಯೇ ಮಾಹಿತಿ ದೊರೆಯುತ್ತದೆ. ವೈದ್ಯನಾಗಿ ಇನ್ನೊಂದು ಮಾತು: ಬಣ್ಣಗುರುಡಿನಲ್ಲಿ ಹೆಚ್ಚಾಗಿ ಕಾಣುವ ಬಗೆ ಕೆಂಪು–ಹಸಿರುಗಳ ಗೊಂದಲ; ಕೆಂಪು–ನೀಲಿಗಳ ಭೇದ ಅಂಥವರಿಗೂ ಸಾಮಾನ್ಯವಾಗಿ ತಿಳಿಯುತ್ತದೆ. ನಮ್ಮ ಬಾಲ್ಯದ ಕುಂಟೆಬಿಲ್ಲೆಯನ್ನು ನೆನೆಯಿರಿ. ಸೀಮೆಸುಣ್ಣದ ಕೆಲವು ಗೆರೆಗಳು, ಒಂದು ಬಿಲ್ಲೆ, ಒಂಟಿ ಕಾಲು. ಚಿತ್ರ ಕಡಮೆಯಾದಷ್ಟೂ ನಿಯಮ ನಿಚ್ಚಳವಾಗುತ್ತದೆ. ಗೆರೆ ತುಳಿದೆವೋ ಇಲ್ಲವೋ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಎರಡನೆಯದು, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದುದು, ಸೋಲಿನ ಬಗ್ಗೆ ಈ ಆಟಕ್ಕಿರುವ ನಿಲುವು. 1980ರ ದಶಕದಲ್ಲಿ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿದ್ದವು. ಅಲ್ಲಿ ಪಾತ್ರ ಸತ್ತರೆ ಮತ್ತೊಂದು ನಾಣ್ಯ ಬೇಕು; ಸಾವೇ ಅಂಗಡಿಯವನ ಆದಾಯ. ಆ ಪದ್ಧತಿ ಮನೆಗೆ ಬಂದ ಆಟಗಳಲ್ಲಿಯೂ ಉಳಿಯಿತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಮೂರು ಜೀವಗಳೊಂದಿಗೆ ಆರಂಭಿಸಬೇಕು. ಅವು ತೀರಿದರೆ ಹಿಂದಕ್ಕೆ ಹೋಗಬೇಕು. ‘ಸೆಲೆಸ್ಟ್’ನಲ್ಲಿ ಜೀವಗಳ ಲೆಕ್ಕವೇ ಇಲ್ಲ. ಸಾಮಾನ್ಯವಾಗಿ ಒಂದೊಂದು ಪರದೆಯೂ ಒಂದೊಂದು ಸಮಸ್ಯೆ. ಮುಳ್ಳಿಗೆ ತಗುಲಿ ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಪರದೆಯ ಆರಂಭದಲ್ಲಿ ಮತ್ತೆ ನಿಂತಿರುತ್ತೇವೆ. ಅಧ್ಯಾಯ ಮುಗಿದಾಗ ಎಷ್ಟು ಸಲ ಸತ್ತೆವೆಂಬ ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಆದರೆ ಆ ಸಂಖ್ಯೆ ದೊಡ್ಡದಾದರೆ ನಾಚಬೇಡ, ಅದು ನೀನು ಕಲಿತದ್ದರ ಲೆಕ್ಕವೆಂಬ ಅರ್ಥದ ಮಾತನ್ನೂ ಆಟವೇ ಹೇಳುತ್ತದೆ. ನಾನು ಚಳಿಗಾಲದ ಹಲವು ಸಂಜೆಗಳನ್ನು ಇದರ ಮುಂದೆ ಕಳೆದು ಶಿಖರವನ್ನು ಮುಟ್ಟಿದಾಗ ನನ್ನ ಲೆಕ್ಕ ನಾಲ್ಕಂಕಿಯಲ್ಲಿತ್ತು. ಇದನ್ನು ಸಂಕೋಚವಿಲ್ಲದೆ ತಮ್ಮ ಮುಂದೆ ನಿವೇದಿಸುತ್ತಿದ್ದೇನೆ.

ಮೂರನೆಯದು ಕಾಣದ ಕರುಣೆ. ಬಂಡೆಯ ಅಂಚನ್ನು ದಾಟಿದ ಮೇಲೂ ಸುಮಾರು 0.1 ಸೆಕೆಂಡಿನವರೆಗೆ ನೆಗೆತಕ್ಕೆ ಆಟ ಅವಕಾಶ ಕೊಡುತ್ತದೆ. ಕಾರ್ಟೂನ್ ಚಿತ್ರದಲ್ಲಿ ಪ್ರಪಾತದ ಮೇಲೆ ಕ್ಷಣಕಾಲ ತೇಲುವ ಕಯೋಟಿಯ ನೆನಪಿನಿಂದ ಈ ತಂತ್ರಕ್ಕೆ ‘ಕಯೋಟಿ ಟೈಮ್’ ಎಂಬ ಹೆಸರು ಬಂದಿದೆ. ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಗುಂಡಿ ಒತ್ತಿದರೆ ಅದನ್ನು ನೆನಪಿಟ್ಟುಕೊಂಡು ನೆಲ ಮುಟ್ಟಿದೊಡನೆ ನೆಗೆಸುತ್ತದೆ. ತಲೆ ಮೂಲೆಗೆ ನಾಲ್ಕು ಚುಕ್ಕೆಗಳಷ್ಟು ತಗುಲುವಂತಿದ್ದರೆ ಪಾತ್ರವನ್ನು ಮೆಲ್ಲನೆ ಪಕ್ಕಕ್ಕೆ ಸರಿಸುತ್ತದೆ. ಆಟಗಾರನಿಗೆ ಇದಾವುದೂ ಗೊತ್ತಾಗುವುದಿಲ್ಲ. ತಾನೇ ಸಾಧಿಸಿದೆನೆಂದು ಹಿಗ್ಗುತ್ತಾನೆ. ಸಾಧಿಸಿದವನೂ ಅವನೇ. ಒಳ್ಳೆಯ ಗುರುವು ಶಿಷ್ಯನ ಉದ್ದೇಶವನ್ನು ನೋಡುತ್ತಾನೆ, ಕೂದಲೆಳೆಯ ತಪ್ಪನ್ನಲ್ಲ.

ನಾಲ್ಕನೆಯದು, ಕಥೆಯನ್ನು ಕ್ರಿಯೆಯ ಮೂಲಕವೇ ಹೇಳುವ ಬಗೆ. ಎರಡನೆಯ ಅಧ್ಯಾಯದಲ್ಲಿ ಆ ಪ್ರತಿಬಿಂಬವು ಮ್ಯಾಡಲಿನ್ ನಡೆದ ದಾರಿಯಲ್ಲಿಯೇ, ಅವಳು ನೆಗೆದಂತೆಯೇ ನೆಗೆದು ಬೆನ್ನಟ್ಟುತ್ತದೆ. ನಾವು ತಡೆದು ನಿಂತರೆ ನಮ್ಮ ಹಿಂದಿನ ಹೆಜ್ಜೆಗಳೇ ನಮ್ಮನ್ನು ಹಿಡಿಯುತ್ತವೆ. ವ್ಯಾಕುಲತೆಯೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಪಠ್ಯಪುಸ್ತಕಕ್ಕೂ ಕಷ್ಟ. ಆರನೆಯ ಅಧ್ಯಾಯದ ಕೊನೆಯಲ್ಲಿ ಅವಳು ಆ ಪ್ರತಿಬಿಂಬವನ್ನು ಸೋಲಿಸಿ ಅಳಿಸಿಹಾಕುವುದಿಲ್ಲ, ರಾಜಿಯಾಗುತ್ತಾಳೆ. ಆಗ ಒಂದರ ಬದಲು ಎರಡು ಸಲ ಚಿಮ್ಮುವ ಶಕ್ತಿ ಬರುತ್ತದೆ. ತನ್ನೊಳಗಿನ ಭಯದೊಡನೆ ಸಂಧಾನ ಮಾಡಿಕೊಂಡವಳಿಗೆ ಬಲ ಇಮ್ಮಡಿಯಾಯಿತೆಂಬುದನ್ನು ಬೆರಳುಗಳೇ ತಿಳಿಯುತ್ತವೆ.

ಇನ್ನೊಂದು ಪ್ರಸಂಗವನ್ನು ವೈದ್ಯನಾಗಿ ವಿಶೇಷವಾಗಿ ಹೇಳಬೇಕು. ಬೆಟ್ಟದ ನಡುವೆ ತಂತಿಯ ಮೇಲೆ ಸಾಗುವ ತೊಟ್ಟಿಲು ನಡುದಾರಿಯಲ್ಲಿ ನಿಂತುಬಿಡುತ್ತದೆ. ಮ್ಯಾಡಲಿನ್‌ಗೆ ಗಾಬರಿಯ ದಾಳಿಯಾಗುತ್ತದೆ. ಜೊತೆಗಿದ್ದ ಥಿಯೊ ಎಂಬ ಗೆಳೆಯ, ಒಂದು ಗರಿಯನ್ನು ಊಹಿಸಿಕೊಂಡು ಉಸಿರಿನಿಂದ ಅದನ್ನು ತೇಲಿಸೆಂದು ಹೇಳಿಕೊಡುತ್ತಾನೆ. ಆಟಗಾರನೂ ಗುಂಡಿಯನ್ನು ಒತ್ತಿ ಬಿಟ್ಟು ಗರಿಯನ್ನು ತೇಲಿಸಬೇಕು. ತನಗರಿವಿಲ್ಲದೆ ತಾನೂ ನಿಧಾನವಾಗಿ ಉಸಿರಾಡತೊಡಗುತ್ತಾನೆ. ಗಾಬರಿಯಾದಾಗ ವೇಗವಾಗಿ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಮೆಯಾಗಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಆ ಜುಮ್ಮು ಮತ್ತಷ್ಟು ಭಯ ಹುಟ್ಟಿಸುತ್ತದೆ. ನಿಧಾನ ಶ್ವಾಸ ಈ ಚಕ್ರವನ್ನು ತಡೆಯುತ್ತದೆ. ಮೆಚ್ಚಬೇಕಾದ ಸಂಗತಿಯೆಂದರೆ, ಮುಂದೆ ಇನ್ನೊಂದು ಸಂಕಟದಲ್ಲಿ ಅದೇ ಗರಿಯ ಉಪಾಯ ಫಲಿಸುವುದಿಲ್ಲ. ಉಸಿರಾಟದ ಅಭ್ಯಾಸ ಸಹಾಯಕವೇ ಹೊರತು ಪೂರ್ಣ ಚಿಕಿತ್ಸೆಯಲ್ಲವೆಂಬುದನ್ನು ಆಟ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. 2019ರಲ್ಲಿ ಸೇರಿಸಿದ ‘ಫೇರ್‌ವೆಲ್’ ಎಂಬ ಅಧ್ಯಾಯದ ಕೊನೆಯಲ್ಲಿ ಅವಳ ಕೋಣೆಯ ಚಿತ್ರವೊಂದಿದೆ. ಅಲ್ಲಿ ಔಷಧದ ಸೀಸೆಯೊಂದು ಯಾವ ಆಡಂಬರವೂ ಇಲ್ಲದೆ ಇದೆ.

ಇನ್ನು ದೋಷಗಳು. ಅವೂ ಅಲ್ಪವಲ್ಲ.

ಮೊದಲ ದೋಷ ದೇಹಕ್ಕೆ ಸಂಬಂಧಿಸಿದ್ದು. ಗೋಡೆಯನ್ನು ಹಿಡಿಯಲು ಗುಂಡಿಯನ್ನು ಒತ್ತಿಯೇ ಇರಬೇಕು. ಅದೇ ಹೊತ್ತಿಗೆ ಹೆಬ್ಬೆರಳು ನೂರಾರು ಸಲ ಅದೇ ಚಲನೆಯನ್ನು ಮಾಡಬೇಕು. ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳಿಗೆ ಇದು ಹಿತವಲ್ಲ. ಸೋತೊಡನೆ ಮತ್ತೆ ಆರಂಭವಾಗುವ ಆ ವೇಗವೇ ಇಲ್ಲಿ ಶತ್ರುವಾಗುತ್ತದೆ: ಕೈ ಚೆಲ್ಲಿ ಒಂದು ಲೋಟ ನೀರು ಕುಡಿಯಲೂ ಬಿಡುವು ದೊರೆಯುವುದಿಲ್ಲ. ಹಿಡಿತದ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕಾಗುವಂತಹ ಆಯ್ಕೆಯನ್ನು ಮುಂದಿನ ಪರಿಷ್ಕರಣೆಯಲ್ಲಿ ಸೇರಿಸಿದರು, ಮೊದಲೇ ಇರಬೇಕಾಗಿತ್ತು. ಮನೆಯಲ್ಲಿ ಯಾರಾದರೂ ಇದನ್ನು ಆಡುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಎದ್ದು ಕೈ ಚಾಚಲಿ. ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ ನೋವು ಕಂಡರೆ ಬೆಟ್ಟ ಕೆಲವು ದಿನ ಕಾಯಲಿ.

ಎರಡನೆಯ ದೋಷ ಮಾತಿನ ಅತಿರೇಕ. ಕ್ರಿಯೆಯೇ ಹೇಳಿದ್ದನ್ನು ಸಂಭಾಷಣೆ ಮತ್ತೆ ಬಿಡಿಸಿ ಹೇಳುತ್ತದೆ. ಬೆಟ್ಟವೆಂದರೆ ಮನಸ್ಸು, ಪ್ರತಿಬಿಂಬವೆಂದರೆ ಭಯ ಎಂದು ನಾವೇ ಕಂಡುಕೊಳ್ಳುವ ಸಂತೋಷಕ್ಕೆ ಇದರಿಂದ ಕುಂದುಂಟಾಗುತ್ತದೆ. ಧ್ವನಿಯೇ ಕಾವ್ಯದ ಆತ್ಮವೆಂದ ಆನಂದವರ್ಧನನ ಪರಂಪರೆಯಲ್ಲಿ ಬೆಳೆದ ನಮಗೆ ಇದು ತಕ್ಷಣ ಎದ್ದು ಕಾಣುತ್ತದೆ. ಮೂರನೆಯ ಅಧ್ಯಾಯದ ಪಾಳುಬಿದ್ದ ಹೋಟೆಲು ಕೂಡ ಅಗತ್ಯಕ್ಕಿಂತ ದೀರ್ಘವಾಯಿತೆಂದು ನನ್ನ ಭಾವನೆ.

ಮೂರನೆಯದು ಸೌಮ್ಯತೆಯ ನಡುವೆ ನುಸುಳಿದ ಕಾಠಿಣ್ಯ. ಅಧ್ಯಾಯಗಳನ್ನು ಮುಗಿಸಿದವರಿಗಾಗಿ ‘ಚಿನ್ನದ ಸ್ಟ್ರಾಬೆರಿ’ ಎಂಬ ಬಹುಮಾನವಿದೆ. ಇಡೀ ಅಧ್ಯಾಯದಲ್ಲಿ ಒಮ್ಮೆಯೂ ಸಾಯದೆ ದಾಟಿದರೆ ಮಾತ್ರ ಅದು ದಕ್ಕುತ್ತದೆ. ಕೊನೆಯ ಪರದೆಯಲ್ಲಿ ಎಡವಿದರೂ ಮೊದಲಿನಿಂದ ಬರಬೇಕು. ಇದು ಐಚ್ಛಿಕವೆಂಬುದು ನಿಜ. ಆದರೂ ಸೋಲಿಗೆ ನಾಚಬೇಡವೆಂದ ಬಾಯಿಯೇ ಸೋಲಿಲ್ಲದವನಿಗೆ ಚಿನ್ನ ಕೊಡುವುದು ವಿರೋಧಾಭಾಸ. ‘ಫೇರ್‌ವೆಲ್’ ಅಧ್ಯಾಯವೂ ಹಿಂದಿನವುಗಳಿಗಿಂತ ಎಷ್ಟೋ ಕಡಿದಾದುದು. ಕಥೆಯ ಮುಕ್ತಾಯವನ್ನು ಅಲ್ಲಿಟ್ಟದ್ದರಿಂದ ಅನೇಕರಿಗೆ ಅದು ದಕ್ಕದೆ ಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ‘ಅಸಿಸ್ಟ್ ಮೋಡ್’ ಎಂಬ ನೆರವಿನ ಏರ್ಪಾಡಿದೆ. ಆಟದ ವೇಗವನ್ನು ಅರ್ಧದವರೆಗೂ ತಗ್ಗಿಸಬಹುದು. ದಣಿವಿಲ್ಲದಂತೆ, ಸಾವಿಲ್ಲದಂತೆಯೂ ಮಾಡಿಕೊಳ್ಳಬಹುದು. ಕೈ ನಡುಗುವವರಿಗೆ, ವಯಸ್ಸಾದವರಿಗೆ ಇದು ವರದಾನ. ಆದರೆ ಮೊದಲು ಅದರ ವಿವರಣೆಯ ಧಾಟಿ, ನೆರವು ಪಡೆದು ಆಡುವುದು ಉದ್ದೇಶಿತ ಅನುಭವವಲ್ಲವೆಂಬಂತಿತ್ತು. ಆಕ್ಷೇಪ ಬಂದ ಮೇಲೆ 2019ರಲ್ಲಿ ತಂಡವು ಆ ವಾಕ್ಯಗಳನ್ನು ತಿದ್ದಿತು. ಕನ್ನಡಕ ಧರಿಸಿ ಓದಿದವನು ಓದಲಿಲ್ಲವೆಂದು ಯಾರು ಹೇಳಿಯಾರು?

ಈ ಸಣ್ಣ ಆಟಕ್ಕೆ ಇಷ್ಟು ಹೊತ್ತು ಕೊಟ್ಟದ್ದೇಕೆಂದು ತಾವು ಕೇಳಬಹುದು. ಎದೆ ಬಡಿದುಕೊಳ್ಳುತ್ತದೆಂದು ವೈದ್ಯರ ಬಳಿಗೆ ಬರುವ ಎಳೆಯರನ್ನು ನಾನು ಬಲ್ಲೆ. ಇಸಿಜಿ ಸರಿಯಾಗಿರುತ್ತದೆ, ಥೈರಾಯಿಡ್ ಸರಿಯಾಗಿರುತ್ತದೆ, ಅಂಕಗಳಂತೂ ಉತ್ತಮವಾಗಿಯೇ ಇರುತ್ತವೆ. ಸರಿಯಿಲ್ಲದಿರುವುದು ಒಂದೇ: ಒಮ್ಮೆ ತಪ್ಪಿದರೆ ಎಲ್ಲವೂ ಮುಗಿಯಿತೆಂಬ ನಂಬಿಕೆ. ದೂರ ದೇಶಕ್ಕೆ ಬಂದು, ಬೆವರು ಸುರಿಸಿ ನೆಲೆ ಕಂಡ ನಮ್ಮಂಥ ತಂದೆತಾಯಿಗಳ ಮನೆಗಳಲ್ಲಿ ಈ ನಂಬಿಕೆ ಸುಲಭವಾಗಿ ಬೇರೂರುತ್ತದೆ. ಮೂರು ಜೀವಗಳ ಹಳೆಯ ಲೆಕ್ಕವನ್ನು ನಾವು ಮಕ್ಕಳಿಗೆ ಕಲಿಸುತ್ತಿರುತ್ತೇವೆ. ಕೆಲವೊಮ್ಮೆ ಒಂದೇ ಜೀವದ ಲೆಕ್ಕವನ್ನು.

ಗುರಿಯನ್ನು ತಗ್ಗಿಸುವುದು ಇದಕ್ಕೆ ಮದ್ದಲ್ಲ. ‘ಸೆಲೆಸ್ಟ್’ ಬೆಟ್ಟ ಒಂದಂಗುಲವೂ ತಗ್ಗಿಲ್ಲ. ಬೀಳುವುದರ ಬೆಲೆಯನ್ನು ಮಾತ್ರ ಅದು ತಗ್ಗಿಸಿದೆ. ಕಾಠಿಣ್ಯವೂ ಕರುಣೆಯೂ ಪರಸ್ಪರ ವೈರಿಗಳಲ್ಲ, ಒಂದೇ ಶಿಕ್ಷಣದ ಎರಡು ಕೈಗಳು ಎಂಬುದನ್ನು ಅದು ಮಾಡಿ ತೋರಿಸುತ್ತದೆ. ಎಲ್ಲಿ ಇದನ್ನು ಮರೆಯುತ್ತದೆಯೋ ಅಲ್ಲಿ ಆಟವೂ ಸೊರಗುತ್ತದೆ. ಗುಣದೋಷಗಳ ನನ್ನ ತೂಕದ ಸಾರಾಂಶ ಇಷ್ಟೇ.

ಕೊನೆಯದಾಗಿ ಯುವಜನರಿಗೆ ಒಂದು ಮಾತು. ಈ ಆಟ ಇಂಗ್ಲಿಷಿನ ಜೊತೆಗೆ ಜಪಾನಿ, ಕೊರಿಯನ್, ರಷ್ಯನ್ ಮುಂತಾದ ಭಾಷೆಗಳಲ್ಲಿ ದೊರೆಯುತ್ತದೆ. ಕನ್ನಡವಿಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಆದರೆ ಇದರ ಮೂಲ ರೂಪ ಇಬ್ಬರ ನಾಲ್ಕು ದಿನಗಳ ದುಡಿಮೆಯೆಂಬುದನ್ನು ಮರೆಯಬೇಡಿ. ಹದಿನಾರು ಬಣ್ಣಗಳು ನಿಮ್ಮಲ್ಲೂ ಇವೆ. ಕನ್ನಡ ಮಾತನಾಡುವ ಅಜ್ಜಿಯೊಬ್ಬಳು ಬೆಟ್ಟದ ಬುಡದಲ್ಲಿ ನಿಂತು ನಗುವ ಆಟವೊಂದನ್ನು ನೀವು ರಚಿಸಿದರೆ, ಅದರಲ್ಲಿ ಸಾವಿರ ಸಲ ಸಾಯಲು ನಾನು ಸಿದ್ಧನಿದ್ದೇನೆ.