ನಡುವಯಸ್ಸಿನ ಹೊಸ ಉದ್ಯೋಗ

ನಲವತ್ತು ದಾಟಿದ ಮೇಲೆ ಹೊಸ ಉದ್ಯೋಗವನ್ನು ಹಿಡಿಯಬೇಕಾದರೆ ನಾವು ಅಂಜುತ್ತೇವೆ. ಇಷ್ಟು ವರ್ಷಗಳ ದುಡಿಮೆಯೆಲ್ಲ ವ್ಯರ್ಥವಾಗಿ, ಕಿರಿಯರೊಡನೆ ಕುಳಿತು ಓನಾಮದಿಂದ ತೊಡಗಬೇಕಲ್ಲಾ ಎಂಬುದೇ ಆ ಅಂಜಿಕೆ.

ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದ ಹಿರಿಯ ಅಧಿಕಾರವನ್ನು 1943ರಲ್ಲಿ ಬಿಟ್ಟರು. ಆಗ ಅವರ ವಯಸ್ಸು ಐವತ್ತನ್ನು ದಾಟಿತ್ತು. ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿ, ಎರಡು ದಶಕಗಳ ಕಾಲ ಅದನ್ನು ನಡೆಸಿದರು. ‘ಚಿಕವೀರ ರಾಜೇಂದ್ರ’ ಕಾದಂಬರಿಯು ಪ್ರಕಟವಾದದ್ದು 1956ರಲ್ಲಿ. ಆದರೆ ಅವರ ಮೊದಲ ಕಥಾಸಂಗ್ರಹವು 1920ರಲ್ಲಿಯೇ ಹೊರಬಂದಿತ್ತೆಂಬುದನ್ನು ನಾವು ಮರೆಯಲಾಗದು. ಕಚೇರಿಯ ಹೊರೆಯ ನಡುವೆ, ಬಿಡುವಿನಲ್ಲಿ ಬೆಳೆಸಿಕೊಂಡ ಬರೆವಣಿಗೆಯೇ ಅವರ ಎರಡನೆಯ ಉದ್ಯೋಗಕ್ಕೆ ಬಂಡವಾಳವಾಯಿತು.

ಆದುದರಿಂದ ಹೊಸ ದಾರಿಯನ್ನು ಹೊರಗೆ ಅರಸುವ ಮುನ್ನ, ಇದುವರೆಗೆ ಬಿಡುವಿನಲ್ಲಿ ಪ್ರೀತಿಯಿಂದ ಏನನ್ನು ಮಾಡುತ್ತ ಬಂದಿದ್ದೇವೆಂದು ನೋಡಿಕೊಳ್ಳೋಣ. ಅದರಲ್ಲಿ ನಾವು ಓನಾಮದವರಲ್ಲ.