ಊಟದ ನಂತರ ಒಂದು

ಮೊನ್ನೆ ಅಮ್ಮನ ಮಾತ್ರೆ ಡಬ್ಬಿಯೊಳಗಿನ ಚೀಟಿ ಬಿಡಿಸಿದೆ. ಎಂಟು ಮಡಿಕೆ. ಅಕ್ಷರ ಸಾಸಿವೆಗಿಂತ ಸಣ್ಣದು. ಅಮ್ಮ ಕನ್ನಡಕ ಏರಿಸಿ ನೋಡಿದರು, ಮತ್ತೆ ಮಡಿಸಲು ಹೋದರು. ಹಳೆಯ ಮಡಿಕೆಗೆ ಅದು ಕೂರಲೇ ಇಲ್ಲ.

ಈ ಚೀಟಿಯನ್ನೂ ಯಾರೋ ಕೂತು ಬರೆದಿರುತ್ತಾರೆ. ವೈದ್ಯಕೀಯ ಬರವಣಿಗೆ ಈಗ ಒಂದು ಉದ್ಯೋಗ. ಫಾರ್ಮಸಿ, ಜೀವವಿಜ್ಞಾನ ಓದಿದ ಎಷ್ಟೋ ಮಕ್ಕಳು ಬೆಂಗಳೂರಿನಲ್ಲೇ ಈ ಕೆಲಸದಲ್ಲಿದ್ದಾರೆ. ಔಷಧ ಪ್ರಯೋಗದ ವರದಿ, ರೋಗಿಗೆ ಕೊಡುವ ಮಾಹಿತಿ, ಒಪ್ಪಿಗೆ ಪತ್ರ ಎಲ್ಲ ಬರೆಯಬೇಕು. ಪ್ರಯೋಗಕ್ಕೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ ನಮ್ಮ ದೇಶದ 2019ರ ನಿಯಮ.

ಅರ್ಥವಾಗುವುದು ಅಂದರೇನು? ‘ಊಟದ ನಂತರ ಒಂದು ಮಾತ್ರೆ’ ಅಂದರೆ ನಮಗೆ ಸ್ಪಷ್ಟ. ಪಕ್ಕದ ಮನೆಯ ಅಜ್ಜಿಗೆ ಸೋಮವಾರ ಒಪ್ಪತ್ತು. ಅವತ್ತು ಒಂದೇ ಮಾತ್ರೆ ನುಂಗುತ್ತಿದ್ದರು! ತಪ್ಪು ಅಜ್ಜಿಯದು ಅಂತ ನನಗನ್ನಿಸುವುದಿಲ್ಲ.

ಬರೆಯುವವರಿಗೆ ಓದುವವರ ದಿನಚರಿ ಗೊತ್ತಿರಬೇಕು. ‘ತಾಯಿ-ಮಗು’ ಪುಸ್ತಕ ಬರೆದ ಲೇಖಕಿ ಅನುಪಮಾ ನಿರಂಜನ ವೃತ್ತಿಯಿಂದ ವೈದ್ಯೆಯಾಗಿದ್ದರು. ಬಸುರಿ ಬಾಣಂತಿಯರ ಮಾತು ಕೇಳಿದ ಕಿವಿ, ಬರೆಯುವ ಕೈಗೂ ನೆರವಾಗಿರಬೇಕು.

ಆ ಚೀಟಿ ಇನ್ನೂ ನಮ್ಮ ಫ್ರಿಜ್ ಮೇಲಿದೆ, ಅರೆಬರೆ ಮಡಚಿಕೊಂಡು. ಸಂಜೆ ಅಮ್ಮನಿಗೆ ಓದಿ ಹೇಳಬೇಕು.